ಒಂಬತ್ತನೆಯ ಕುರ್ಚಿ

ಮಡಗಾಂವ, ಗೋವೆ
೯ ನವೆಂಬರ್ ೧೯೨೫

ಚಿ. ಸೌ. ಬಸವಣ್ಣೆವ್ವನಿಗೆ ಅಪ್ಪನ ಆಶೀರ್ವಾದ.

ಮನೆ ಸಿಕ್ಕಿತು ಮಗಳೇ. ಬೆಳಗಾವಿಯ ಖಡೇಬಜಾರದ ಹಿಂದಿನ ವಾಡೆಯಲ್ಲಿ ಒಂದು ಕೋಣೆ, ಅರ್ಧ ಪಡಸಾಲೆ, ಏಳು ಬಿಡಾರಕ್ಕೆ ಒಂದೇ ಬಾವಿ ಅಂತ ಇಪ್ಪತ್ತೆರಡು ವರ್ಷ ಕಳೆದವರು ನಾವು. ಇಲ್ಲಿ ನಾಲ್ಕು ಕೋಣೆ, ಮುಂದೆ ಕಟ್ಟೆ, ಹಿಂದೆ ಹದಿಮೂರು ತೆಂಗಿನ ಮರ. ಶಹಾಪುರದ ಸೀರೆಗೆ ಇಲ್ಲಿ ಗಿರಾಕಿ ಇದ್ದಾರೆ, ಅಂಗಡಿ ನಿಲ್ಲುತ್ತದೆ. ಐವತ್ತನೆಯ ವಯಸ್ಸಿನಲ್ಲಿ ನಿನ್ನ ಅಪ್ಪ ಕಾಲು ಚಾಚಿ ಕೂರುವಂಥ ಮನೆ ಹಿಡಿದಿದ್ದಾನೆ.

ಪರರಾಜ್ಯದವನಿಗೆ ಮನೆ ಕೊಡುವುದೆಂದರೆ ಇವರಿಗೆ ಹೆಣ್ಣು ಕೊಟ್ಟಷ್ಟು ವಿಚಾರ. ಬೆಳಗಾವಿಯಿಂದ ಶಹಾಪುರಕ್ಕೆ ನಡೆದು ಹೋದರೂ ಸಾಂಗ್ಲಿ ಸಂಸ್ಥಾನವೇ, ಆದರೆ ಅಲ್ಲಿ ನೀ ಯಾವ ರಾಜನವ ಅಂತ ಯಾರೂ ಕೇಳುವುದಿಲ್ಲ. ಈ ಪೋರ್ತುಗೀಜ ಫಿರಂಗಿಯವರು ಕೇಳಿದರು. ಪೊಲೀಸ ಕಚೇರಿಯಲ್ಲಿ ಹೆಸರು ಬರೆಸಿ ವಾಸದ ಕಾಗದ ಪಡೆ, ಮೂರು ವರ್ಷದ ಕರಾರಿಗೆ ಸಹಿ ಮಾಡು, ಊರಿನವನೊಬ್ಬನ ಜಾಮೀನು ತಾ. ಜಾಮೀನು ನಿಂತವನು ಬಾಜು ಅಂಗಡಿಯ ಕಿರಾಣಿ ವ್ಯಾಪಾರಿ ಪಂಢರಿನಾಥ. ಅವಧಿಗೆ ಮೊದಲು ನಾನು ಮನೆ ಬಿಟ್ಟರೆ ಹಿಡಿಯುವುದು ಅವನನ್ನು.

ಮನೆಯೊಡತಿ ದೋನಾ ಎಸ್ಪೆರಾನ್ಸಾ. ಕ್ರಿಸ್ತರ ಮುದುಕಿ, ಗಂಡ ಇಲ್ಲ, ಆಚೆ ಗೋಡೆಗೆ ಹತ್ತಿಯೇ ಇರುತ್ತಾಳೆ. ಕರಾರು ಓದಿ ತಿಳಿಸಿದಳು. ಮನೆಯೊಳಗಿನ ಸಾಮಾನೆಲ್ಲ ಅದರಲ್ಲಿ ಬರೆದಿದೆ: ಮಂಚ ಎರಡು, ಕನ್ನಡಿ ಒಂದು, ಬೆತ್ತದ ಕುರ್ಚಿ ಒಂಬತ್ತು. ಬಿಡುವಾಗ ಎಣಿಸಿ ಒಪ್ಪಿಸಬೇಕು. ಇನ್ನೊಂದು, ಹಿತ್ತಲ ನೆಲ ಅಗೆಯಕೂಡದು. ಹಿಂದಿದ್ದವನೊಬ್ಬ ನಿಧಿ ಇದೆ ಅಂತ ತೋಡಿ ಎರಡು ತೆಂಗು ಕೆಡವಿದ್ದನಂತೆ. ನನಗೆ ನಗು ಬಂತು. "ಬಾಯಿ, ನಾ ಸೀರಿ ಮಾರಾವ. ನಿಮ್ಮ ನೆಲಾ ಅಗದು ನನಗೇನ ಆಗಬೇಕಾಗೈತಿ?" ಅಂದು ಸಹಿ ಹಾಕಿದೆ.

ನಿನ್ನ ಅವ್ವ ಮನೆಯೆಲ್ಲ ತಿರುಗಿ ನೋಡಿ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ನಮ್ಮ ಮಂದಿ ಸತ್ತರ ಇಲ್ಲಿ ಎಲ್ಲಿ ಕುಂದರಸ್ತಾರ್ರೀ?"

ಒಂಬತ್ತು ಕುರ್ಚಿಯ ಮನೆಯಲ್ಲಿ ಆಕೆಗೆ ಹೊಳೆದದ್ದು ಇದು! ಖರೇ, ಈ ಊರಿನ ಹಿಂದೂಗಳು ಸುಡುವವರು, ಕ್ರಿಸ್ತರದು ಪೆಟ್ಟಿಗೆ. ಕೈಯಲ್ಲಿ ಲಿಂಗ ಹಿಡಿದು ಮಣ್ಣಿನಲ್ಲಿ ಕೂರುವ ನಮ್ಮಂಥವರ ಮನೆ ಒಂದೂ ಇಲ್ಲ. "ಮದಲ ಬದುಕಿ ಕುಂದರು" ಅಂದೆ. ಒಂದು ಕುರ್ಚಿ ಎಳೆದು ಕೊಟ್ಟೆ. ಆಕೆ ನೆಲದ ಮೇಲೇ ಕೂತಳು.

ಆಕೆಗೆ ಸ್ವಲ್ಪ ಕೆಮ್ಮು ಇದೆ. ಸಮುದ್ರದ ಗಾಳಿ, ಒಗ್ಗಬೇಕು.

ನಿನ್ನ ಅಪ್ಪ,
ಗುರುಪುತ್ರಪ್ಪ


ಖಾನಾಪುರ
೨೮ ಡಿಸೆಂಬರ್ ೧೯೨೫

ತೀರ್ಥರೂಪ ಅಪ್ಪನವರಿಗೆ ಬಸವಣ್ಣೆವ್ವನ ಶರಣು.

ಪತ್ರ ಓದಿದೆ. ಮನೆಯ ಸುದ್ದಿ ಎರಡು ಪುಟ, ಅವ್ವನ ಕೆಮ್ಮು ಒಂದು ಸಾಲು.

ಬೆಳಗಾವಿಯಿಂದ ಮಾಯವ್ವ ಅತ್ತೆ ಬಂದಿದ್ದರು. ನೀವು ಗೋವೆಗೆ ಹೊರಡುವ ಹಿಂದಿನ ದಿನ ಅವ್ವ ತನ್ನ ತಾಯಿಯ ಸಮಾಧಿಗೆ ಹೋಗಿದ್ದಳಂತೆ. ಬಾಜುವಿನ ಖಾಲಿ ಜಾಗವನ್ನು ಹೆಜ್ಜೆಯಿಂದ ಅಳೆದು, "ಇದು ನಂದು ಮಾಯವ್ವ, ಯಾರಿಗೂ ಬಿಟ್ಟ ಕೊಡಬ್ಯಾಡ" ಅಂದಳಂತೆ. ನಿಮ್ಮ ತಂಗಿಗೆ ಹೇಳಿದ್ದನ್ನು ಅವ್ವ ನಿಮಗೆ ಹೇಳಿದ್ದಳೇ?

ಸಂಕ್ರಮಣಕ್ಕೆ ಅವಳನ್ನು ಕಳಿಸಿ. ನಾಲ್ಕು ದಿನ ಇಲ್ಲಿಯ ಗಾಳಿ ಕುಡಿದು ಹೋಗಲಿ.

ಬಸವಣ್ಣೆವ್ವ


ಮಡಗಾಂವ
೧೭ ಏಪ್ರಿಲ್ ೧೯೨೬

ಬಸವಣ್ಣೆವ್ವನಿಗೆ ಆಶೀರ್ವಾದ.

ಬರೆಯುವುದು ತಡವಾಯಿತು. ನನ್ನಂಥವನಿಗೆ ಮಾತು ಸಿಗದೆ ತಡವಾಯಿತು ಅಂದರೆ ನೀನು ನಂಬಲಿಕ್ಕಿಲ್ಲ.

ನಿನ್ನ ಅವ್ವನಿಗೆ ಜ್ವರ ಬಿಡುತ್ತಿಲ್ಲ. ಡಾಕ್ಟರ ನನ್ನನ್ನು ಹೊರಗೆ ಕರೆದು, ಎದೆ ಪೂರಾ ಕೆಟ್ಟಿದೆ ಅಂದ. ಹಾಲು, ತತ್ತಿ ಕೊಡಿ ಅಂದ. ತತ್ತಿ ನಾವು ತಿನ್ನುವವರಲ್ಲ ಅಂದೆ. ಹಾಗಾದರೆ ಹಾಲು ಕೊಡಿ ಅಂದ. ಅವನ ದನಿಯಲ್ಲಿ ಎರಡೂ ಒಂದೇ ಅನ್ನುವಂತಿತ್ತು.

ಕರೆದುಕೊಂಡು ಬಾ ಅನ್ನುತ್ತೀ, ಗೊತ್ತು. ಕೇಳು. ನನ್ನ ವಾಸದ ಕಾಗದದ ಅವಧಿ ಜೂನ್ ಕೊನೆಗೆ ಮುಗಿಯುತ್ತದೆ. ಹೊಸದು ಕೈಗೆ ಬರುವ ಮುಂಚೆ ಗಡಿ ದಾಟಿದರೆ ಎಲ್ಲ ಮೊದಲಿನಿಂದ. ಒಂದು ತಿಂಗಳ ಮೇಲೆ ಮನೆಗೆ ಬೀಗ ಬಿದ್ದರೆ ಕರಾರು ಮುರಿದಂತೆ, ಪಂಢರಿನಾಥನಿಗೆ ಕಚೇರಿಯ ಕರೆ. ಅವನ ಮಗಳು ಶುಭದಾಳ ಲಗ್ನ ಬರುವ ತಿಂಗಳೇ ಇದೆ. ನಂಬಿ ಜಾಮೀನು ನಿಂತವನ ಮನೆಯ ಲಗ್ನದಲ್ಲಿ ಪೊಲೀಸ ಬಂದು ನಿಲ್ಲಬೇಕೇ? ಕಾಗದ ಒಂದು ಆಗಲಿ, ಮಳೆ ಒಂದು ಕಡಿಮೆಯಾಗಲಿ, ನಾನೇ ಕರೆತರುತ್ತೇನೆ.

ಮೊನ್ನೆ ಗಂಜಿ ಕುಡಿಸುತ್ತಿದ್ದಾಗ ಅವಳು, "ನನ್ನ ಸುಡಾಕ ಕೊಡಬ್ಯಾಡ್ರಿ" ಅಂದಳು.

"ಯಾರ ಕೊಡ್ತಾರ?" ಅಂದೆ.

"ನೀವು ಮಾತಿನಾಗ ಮಂದೀನ ಒಪ್ಪಸ್ತೀರಿ. ಮಂದಿ ಮಾತಿಗೆ ನೀವೂ ಲಗೂನ ಒಪ್ಪತೀರಿ. ಅದಕ್ಕ ಹೇಳಾಕತ್ತೇನಿ."

ಊರಿಗೆ ಹೋಗೋಣವೇ ಅಂತ ನಾನೇ ಕೇಳಿದೆ. "ನಿಮ್ಮ ಕಾಗದದ ಕೆಲಸ ಮುಗೀಲಿ. ಅಲ್ಲಿತನಕಾ ತಡಕೋತೇನಿ" ಅಂದಳು, ಗಾಡಿಗೆ ಹೊತ್ತಿದೆ ಅಂದ ಹಾಗೆ.

ನಿನ್ನೆ ದೋನಾಳ ಬಾಗಿಲಿಗೆ ಹೋದೆ. ಹಿತ್ತಲ ಮೂಲೆಯಲ್ಲಿ ಮೂರು ಮೊಳ ನೆಲ ಕೇಳಿದೆ. ಅವಳು ಎದೆಯ ಮೇಲೆ ಶಿಲುಬೆ ಗೀರಿಕೊಂಡಳು. ಕರಾರು ಹಾಗಿರಲಿ, ಸ್ಮಶಾನ ಬಿಟ್ಟು ಬೇರೆಲ್ಲಿ ಹೂತರೂ ಪೊಲೀಸರು ಅಗೆದು ಹೊರಗೆ ತೆಗೆಸುತ್ತಾರೆ ಅಂದಳು. ಸಹಿ ಹಾಕುವಾಗ ನಾನು ನಕ್ಕಿದ್ದು ಅವಳಿಗೆ ನೆನಪಿತ್ತು. ಬಾಯಿಬಿಟ್ಟು ನೆನಪಿಸಲಿಲ್ಲ, ಅಷ್ಟೇ ಉಪಕಾರ.

ಅಪ್ಪ


ಖಾನಾಪುರ
೬ ಮೇ ೧೯೨೬

ಅಪ್ಪನವರಿಗೆ ಶರಣು.

ಕಾಗದ ಆಗಲಿ ಅಂತೀರಿ, ಲಗ್ನ ಆಗಲಿ ಅಂತೀರಿ, ಮಳೆ ಆಗಲಿ ಅಂತೀರಿ. ಇವೆಲ್ಲ ಆಗುವವರೆಗೆ ಇರಲು ಅವ್ವನಿಗೆ ಯಾವ ಕಚೇರಿ ಪರವಾನಗಿ ಕೊಟ್ಟಿದೆ?

ನಾನೇ ಬಂದುಬಿಡುತ್ತಿದ್ದೆ. ಇಲ್ಲಿ ಅತ್ತೆಯವರಿಗೆ ಲಕ್ವ ಹೊಡೆದು ಆರು ತಿಂಗಳು. ಹೊತ್ತು ಹೊತ್ತಿಗೆ ಎತ್ತಿ ಕೂರಿಸಿ ತಿನ್ನಿಸುವವಳು ನಾನೊಬ್ಬಳೇ. ನಿಮ್ಮ ಅಳಿಯಂದಿರು ತಾವು ಹೋಗಿ ಕರೆತರುತ್ತೇನೆಂದು ಚೀಲ ಕೂಡ ಕಟ್ಟಿದ್ದರು. ಅಪ್ಪನಿಗೆ ಅವಮಾನವಾದೀತು ಅಂತ ನಾನೇ ತಡೆದೆ. ತಡೆದದ್ದು ಸರಿಯೋ ತಪ್ಪೋ ದಿನಾ ಯೋಚಿಸುತ್ತೇನೆ.

ಅವ್ವ ಬಾಯಿಬಿಟ್ಟು ಕೇಳುವವಳಲ್ಲ. ತಡಕೋತೇನಿ ಅಂದರೆ ಆಗುವುದಿಲ್ಲ ಅಂತ ಅರ್ಥ. ಇಪ್ಪತ್ತೆಂಟು ವರ್ಷ ಜೊತೆಗಿದ್ದವರಿಗೆ ನಾನು ಹೇಳಿಕೊಡಬೇಕೇ?

ಮನೆ ಹೋದರೆ ಹೋಗಲಿ. ಯಾವ ಗಾಡಿಗೆ ಬರುತ್ತೀರಿ ಅಂತ ಒಂದೇ ಸಾಲು ಬರೆಯಿರಿ. ಚಕ್ಕಡಿ ತರುತ್ತೇವೆ.

ಬಸವಣ್ಣೆವ್ವ


ಖಾನಾಪುರ
೨೨ ಜುಲೈ ೧೯೨೬

ಅಪ್ಪನವರಿಗೆ ಶರಣು.

ಅವ್ವನನ್ನು ಮಣ್ಣಿಗೆ ಕೊಟ್ಟ ಮೂರನೆಯ ದಿನ ನೀವು ಬೆಳಗಾವಿಗೆ ಮಾಯವ್ವ ಅತ್ತೆಯ ಮನೆಗೆ ಹೋದಿರಿ. ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದು, ಕೊಡೆ ಕೇಳಿದಿರಿ. ತಿಂಗಳಾಗುತ್ತ ಬಂತು. ನಾನೇ ಕೇಳುತ್ತೇನೆ.

ಆ ಗುರುವಾರ ಹತ್ತು ಗಂಟೆಗೆ ನಿಮ್ಮ ತಾರು ಬಂತು. ಸ್ಟೇಷನ್ ಮಾಸ್ತರರು ಓದಿ ಹೇಳಿ ಕಳಿಸಿದರು: ಅವ್ವನನ್ನು ಕರೆತರುತ್ತಿದ್ದೇನೆ, ಚಕ್ಕಡಿ ತರಬೇಕು, ಚನ್ನಬಸಯ್ಯನವರನ್ನು ಕರೆಸಿ ಇಡಬೇಕು. ಬೇನೆಯವರು ಬರುವಾಗ ವೈದ್ಯರನ್ನು ಕರೆಸುತ್ತಾರೆ. ನೀವು ಮಣ್ಣಿನ ಕ್ರಿಯೆ ಮಾಡಿಸುವ ಅಯ್ಯನವರನ್ನು ಕರೆಸಿದಿರಿ.

ಮಂದಿಗೆಲ್ಲ ನೀವು ಹೇಳಿದ್ದು ಇದು: ಲೋಂಡಾ ಬರುವ ಮುಂಚೆ ಎರಡು ಗುಟುಕು ನೀರು ಕುಡಿದಳು, ನಿದ್ದೆ ಹೋದಳು, ಮಗಳ ಮನೆಯ ಹೊಸ್ತಿಲು ದಾಟಿದ ಮೇಲೆ ಉಸಿರು ಬಿಟ್ಟಳು. ಊರೆಲ್ಲ ಪುಣ್ಯವಂತೆ ಅಂತು.

ಮೈ ತೊಳೆದವಳು ನಾನು. ಅವ್ವನ ಮೊಣಕಾಲು ಬಿಚ್ಚಲಿಲ್ಲ. ಎಡಗೈಯಲ್ಲಿ ಲಿಂಗ ಆಗಲೇ ಇತ್ತು, ನಿಮ್ಮ ಧೋತರದ ಅಂಚು ಹರಿದು ಕಟ್ಟಿದ್ದು. ಹಣೆಗೆ ವಿಭೂತಿ ಇತ್ತು. ಚನ್ನಬಸಯ್ಯನವರು ನೋಡಿ, "ಕುಂದರಿಸಿದವರು ಚಲೋ ಕುಂದರಸ್ಯಾರವ್ವ" ಅಂದರು. ಮತ್ತೇನೂ ಕೇಳಲಿಲ್ಲ.

ಅವರು ಕೇಳದಿದ್ದದ್ದನ್ನು ನಾನು ಕೇಳುತ್ತೇನೆ. ಅವ್ವ ಯಾವಾಗ ಹೋದಳು? ನಿಮ್ಮ ಬಾಯಿಂದಲೇ ಬರಬೇಕು.

ಅವಳು ಕೂತು ಬಂದ ಬೆತ್ತದ ಕುರ್ಚಿ ನಮ್ಮ ಪಡಸಾಲೆಯಲ್ಲಿದೆ. ಯಾರೂ ಕೂರುತ್ತಿಲ್ಲ.

ಬಸವಣ್ಣೆವ್ವ


ಬೆಳಗಾವಿ
೧೧ ಆಗಸ್ಟ್ ೧೯೨೬

ಮಗಳೇ,

ಮಾಯವ್ವ ಮಗ್ಗದವರ ಓಣಿಗೆ ಹೋಗಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲ. ಕ್ಯಾಂಪಿನ ಕಡೆ ದಂಡಿನ ಸೋಜಿರರ ಕಹಳೆ ಕೇಳುತ್ತಿದೆ. ಹೇಳಿಬಿಡುತ್ತೇನೆ.

ಅವಳು ಹೋದದ್ದು ಮಡಗಾಂವದಲ್ಲಿ, ಆ ಗುರುವಾರ ಬೆಳಿಗ್ಗೆ, ಹಾಲಿನವಳು ಬರುವ ಹೊತ್ತಿಗೆ. ಹಾಲು ಕಾಯಿಸಲೇ ಅಂದೆ. ಉತ್ತರವಿಲ್ಲ. ನನ್ನ ಮಾತಿಗೆ ಅವಳು ಉತ್ತರ ಕೊಡದಿರುವುದು ಹೊಸದಲ್ಲ, ಹಾಗಾಗಿ ಹಾಲು ಉಕ್ಕುವವರೆಗೂ ನಾನು ಮಾತಾಡುತ್ತಲೇ ಇದ್ದೆ. ಆಮೇಲೆ ತಿರುಗಿ ನೋಡಿದೆ.

ಪದ್ಧತಿ ಏನಿದೆಯೋ ಅದನ್ನೇ ಮಾಡಿದೆ. ಮೈ ಆರುವ ಮೊದಲೇ ಎತ್ತಿ ಕೂರಿಸಿದೆ. ಗೋಡೆಗೆ ಒರಗಿಸಿದರೆ ಜಾರುತ್ತಿದ್ದಳು, ಅದಕ್ಕೆ ಕುರ್ಚಿಯಲ್ಲಿ. ವಿಭೂತಿ ಹಚ್ಚಿದೆ, ಲಿಂಗ ಕೈಯಲ್ಲಿಟ್ಟು ಕಟ್ಟಿದೆ. ಅಯ್ಯನವರು ಮಾಡಬೇಕಾದ್ದನ್ನು ಸೀರೆ ಮಾರುವವನು ಮಾಡಿದ.

ಪಂಢರಿನಾಥ ಓಡಿ ಬಂದ. "ಗುರುಪುತ್ರಪ್ಪಾ, ಹಟಾ ಮಾಡಬ್ಯಾಡ. ನಮ್ಮ ಸ್ಮಶಾನದಾಗ ಸುಡೂಣು. ದೇವರು ಬ್ಯಾರೆ ಅಲ್ಲೋ" ಅಂದ. ಇನ್ನೊಬ್ಬ ಬಂದ, ಅವನೂ ಅದನ್ನೇ ಅಂದ. ಸುಳ್ಳು ಯಾಕೆ, ನಾನು ಒಪ್ಪುವುದರಲ್ಲಿದ್ದೆ. ಹೂಂ ಅನ್ನಲು ಬಾಯಿ ತೆರೆದೆ. ಮಂದಿ ಮಾತಿಗೆ ಲಗೂನ ಒಪ್ಪತೀರಿ ಅಂದವಳು ಎದುರಿಗೇ ಕುರ್ಚಿಯಲ್ಲಿ ಕೂತಿದ್ದಳು. ಕೂತವಳನ್ನು ನೋಡಿಯೇ ನನಗೆ ಗಾಡಿಯ ಯೋಚನೆ ಬಂದದ್ದು.

ಹೆಣಕ್ಕೆ ಗಡಿ ದಾಟಲು ಯಾವ ಕಾಗದ ಬೇಕೋ, ಅದಕ್ಕೆ ಎಷ್ಟು ದಿನವೋ. ಬೇನೆಯವಳಿಗೆ ಟಿಕೀಟು ಸಾಕು.

ದೋನಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಒಳಗೆ ಬಂದು ನಿನ್ನ ಅವ್ವನ ಮುಖ ನೋಡಿದಳು, ತನ್ನ ಮನೆಗೆ ಹೋದಳು. ಪೊಲೀಸರಿಗೆ ಹೇಳಲು ಹೋದಳು ಅಂದುಕೊಂಡೆ. ಉಣ್ಣೆಯ ಶಾಲು, ಒಂದು ಸೀಸೆ ಅತ್ತರಿನ ನೀರು ತಂದಳು. ಶಾಲಿಗೆಲ್ಲ ಅದನ್ನು ಚಿಮುಕಿಸಿ ತಲೆಯಿಂದ ಹೊದಿಸಿ, ತನ್ನ ಕೊಂಕಣಿಯಲ್ಲಿ ಅಂದಳು: "ಗಾಡಿಯಲ್ಲಿ ಗಾಳಿ ಬಹಳ. ನೆಗಡಿಯಾದೀತು ಇವರಿಗೆ." ಕುರ್ಚಿಯ ಬಗ್ಗೆ ಏನೂ ಅನ್ನಲಿಲ್ಲ. ಪಂಢರಿನಾಥ ಕಣ್ಣೊರೆಸಿಕೊಂಡು ಕುರ್ಚಿಯ ಇನ್ನೊಂದು ಬದಿ ಹಿಡಿದ.

ಜನ್ಮದಲ್ಲಿ ಮೊದಲ ಸಲ ಮೇಲಿನ ಕ್ಲಾಸಿನ ಟಿಕೀಟು ತೆಗೆಸಿದೆ. ಕಿಟಕಿಯ ಬಳಿ ಅವಳು, ಎದುರಿಗೆ ನಾನು. ಗಾಡಿ ಬಿಟ್ಟ ಕೂಡಲೇ ಮಾತು ಶುರು ಮಾಡಿದೆ. ಮಾತಾಡುತ್ತಿದ್ದರೆ ಕೇಳುವವಳಿದ್ದಾಳೆ ಅಂತ ಮಂದಿ ತಿಳಿಯುತ್ತಾರೆ. ವಾಡೆಯ ಬಾವಿಕಟ್ಟೆಯ ಜಗಳ, ನೀನು ಹುಟ್ಟಿದಾಗ ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿದ್ದು, ನಾನು ಎರಡು ಸಲ ಅವಳ ಬಳೆ ಮಾರಿದ್ದು. ಒಂದೊಂದಾಗಿ ಎಲ್ಲಾ ಹೇಳಿದೆ. ಮಳೆ ಕಿಟಕಿಗೆ ಹೊಡೆಯುತ್ತಿತ್ತು. ಘಾಟು ಏರುವಾಗ ಗಾಡಿ ಕುಲುಕಿದರೆ ಅವಳ ತಲೆ ತೂಗುತ್ತಿತ್ತು, ಹೌದು ಹೌದು ಅನ್ನುವ ಹಾಗೆ.

ಗಡಿಯಲ್ಲಿ ಜಕಾತಿಯವರು ಹತ್ತಿದರು. ಪೆಟ್ಟಿಗೆ ತೆಗೆಸಿ ನೋಡಿದರು. ಒಬ್ಬ ಅವಳ ಎದುರು ನಿಂತು ಕನ್ನಡದಲ್ಲೇ, "ಯಾಕ, ಬಾಯಾರು ಮಾತಾಡವಲ್ಲರು?" ಅಂದ. ನನ್ನ ಬಾಯಿಗೆ ಏನು ಬಂತು ಗೊತ್ತೇ? "ಸಿಟ್ಟಾಗ್ಯಾಳ್ರಿ ಸಾಹೇಬರ. ತವರಿಗೆ ಕಳಸಾಕ ತಡಾ ಮಾಡಿದೆ ಅಂತ." ಅವನು ನಕ್ಕ. "ಹಿಂಗಾದರ ನೀವು ಕೆಟ್ಟರಿ" ಅಂದು ಇಳಿದು ಹೋದ. ನಾನೂ ನಕ್ಕೆ ಮಗಳೇ. ಅವಳ ಎದುರಿಗೇ.

ಅಲ್ಲಿಂದ ಗಂಗೂಬಾಯಿ ಅನ್ನುವ ಮುದುಕಿ ಹತ್ತಿ ನಮ್ಮ ಬಾಜು ಕೂತಿದ್ದಳು. ನನ್ನ ಮಾತು ಕೇಳಿ ಕೇಳಿ, "ಬಾಯಿ, ಇಷ್ಟ ಮಾತಾಡೂ ಗಂಡನ್ನ ಪಡಕೊಂಡ ಬಂದೀರಿ, ಒಂದರೆ ಹೂಂ ಅನ್ರಿ" ಅಂತ ಅವಳ ಮುಂದೆ ನೀರಿನ ತಂಬಿಗೆ ಹಿಡಿದಳು. ಹಿಡಿದೇ ಇದ್ದಳು. ಆಮೇಲೆ ತಂಬಿಗೆ ಕೆಳಗಿಟ್ಟಳು. ಲೋಂಡಾದಲ್ಲಿ ಇಳಿಯುವಾಗ ನಿನ್ನ ಅವ್ವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಮಂದಿಗೆ ಹೇಳಿದ ಎರಡು ಗುಟುಕು ನೀರು ಅದೇ.

ಲೋಂಡಾದಿಂದ ಖಾನಾಪುರದವರೆಗೆ ಡಬ್ಬಿಯಲ್ಲಿ ನಾವಿಬ್ಬರೇ. ಕೇಳುವವರು ಯಾರೂ ಇಲ್ಲದಾಗ ಮಾತು ಹೊರಡಲಿಲ್ಲ. ಒಂದೂ ಹೊರಡಲಿಲ್ಲ.

ಖಾನಾಪುರ ಬಂತು. ಅಂಟುಬೇನೆಯ ಕಾಲ ಅಂತ ಗೇಟಿನಲ್ಲಿ ಹವಾಲ್ದಾರನನ್ನು ನಿಲ್ಲಿಸಿದ್ದರು. ಕಾಗದವಿಲ್ಲದ ಹೆಣ ಅಂತ ತಿಳಿದರೆ ಆಸ್ಪತ್ರೆಗೆ ಒಯ್ದು ಕೊಯ್ಯುತ್ತಾರೆ ಅಂತ ಕೇಳಿದ್ದೆ. ಅಲ್ಲಿ ನಾನು ಮಾತಾಡಬೇಕಿತ್ತು, ಬಾಯಿ ಒಣಗಿ ನಿಂತೆ. ಅಷ್ಟರಲ್ಲಿ ನೀನು ಓಡಿ ಬಂದೆ. ಅವಳ ಕಾಲು ಹಿಡಿದು, "ಅವ್ವಾ, ಎಷ್ಟ ಸೊರಗೀಬೇ! ಗಾಡ್ಯಾಗ ಏನರೆ ತಿಂದ್ಯೋ ಇಲ್ಲೋ?" ಅಂದೆ. ಚಕ್ಕಡಿಯಲ್ಲಿ ಮನೆಯವರೆಗೂ ನೀನು ಅವಳ ಭುಜ ಹಿಡಿದು ಮಾತಾಡುತ್ತಲೇ ಇದ್ದೆ. ಹೊಸ ಎಮ್ಮೆ ಕರು ಹಾಕಿದ್ದು, ನಿಮ್ಮ ಅತ್ತೆ ಬೆರಳು ಅಲುಗಿಸಿದ್ದು. ನಾನು ನಿನ್ನನ್ನು ತಡೆಯಲಿಲ್ಲ. ಸತ್ತ ತಾಯಿಯ ಜೊತೆ ಮಗಳು ಮಾತಾಡುವುದನ್ನು ಬಾಜು ಕೂತು ಕೇಳಿದೆ. ಜಕಾತಿಯವನಿಗೆ ಹೇಳಿದ ಸುಳ್ಳು ನನ್ನನ್ನು ಕಾಡುವುದಿಲ್ಲ. ಇದು ಕಾಡುತ್ತದೆ.

ಇಲ್ಲಿ ಬೆಳಗಾವಿಯಲ್ಲಿ ಅವಳು ಅಳೆದಿಟ್ಟ ಜಾಗ ನೋಡಿ ಬಂದೆ. ಹುಲ್ಲು ಬೆಳೆದಿದೆ. ಅಲ್ಲಿಯವರೆಗೆ ತರುವುದು ನನ್ನಿಂದ ಆಗಲಿಲ್ಲ. ಚನ್ನಬಸಯ್ಯನವರು, ಇನ್ನು ಕುಲುಕಬೇಡಿ ಅಂದರು. ಮಾಯವ್ವ ಅವಳ ಹೆಜ್ಜೆಯಲ್ಲಿ ನಾಲ್ಕು ಅಂದಳು. ನನ್ನದರಲ್ಲಿ ಮೂರೇ ಆಯಿತು.

ಬೈದಾದರೂ ಬರೆ.

ಅಪ್ಪ


ಮಡಗಾಂವ
೧೯ ಅಕ್ಟೋಬರ್ ೧೯೨೬

ಬಸವಣ್ಣೆವ್ವನಿಗೆ ಆಶೀರ್ವಾದ.

ಎರಡು ತಿಂಗಳು ನಿನ್ನ ಉತ್ತರ ಇಲ್ಲ. ಇರಲಿ.

ಮನೆ ಒಪ್ಪಿಸಲು ಬಂದಿದ್ದೇನೆ. ವಾಸದ ಕಾಗದ ನಾನಿಲ್ಲದಾಗ ತಯಾರಾಗಿ ಕಚೇರಿಯಲ್ಲಿ ಬಿದ್ದಿತ್ತು. ಮುದ್ರೆ, ಸಹಿ, ಎಲ್ಲ ಸರಿಯಿದೆ. ನನ್ನ ಹೆಸರಿನ ಕೆಳಗೆ ಅವಳ ಹೆಸರೂ ಇದೆ. ಮೂರು ವರ್ಷ ಇಲ್ಲಿರಲು ಗೌರವ್ವನಿಗೆ ಪರವಾನಗಿ ಸಿಕ್ಕಿದೆ.

ದೋನಾ ಕರಾರು ಹಿಡಿದು ಬಂದಳು. ಅವಧಿಗೆ ಮೊದಲೇ ಬಿಡುತ್ತಿದ್ದೇನೆ, ಪಂಢರಿನಾಥನನ್ನು ಹಿಡಿಯಬೇಡಿ ಅಂತ ಕೇಳಲು ನಾಲ್ಕು ದಿನದಿಂದ ಮಾತು ಜೋಡಿಸಿದ್ದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮೊದಲು ಹಿತ್ತಲಿಗೆ ಹೋಗಿ ನೆಲ ನೋಡಿದಳು. ಆಮೇಲೆ ಸಾಮಾನು. ಮಂಚ, ಕನ್ನಡಿ. ಕುರ್ಚಿಗಳ ನಡುವೆ ನಡೆದು ಒಂದೊಂದರ ಬೆನ್ನು ಮುಟ್ಟಿ ಎಂಟು ಎಣಿಸಿದಳು. ನಾನು ಬಾಯಿ ತೆರೆದೆ. ಅವಳು ಖಾಲಿ ಜಾಗದ ಮುಂದೆ ನಿಂತು, ಅಲ್ಲಿಯೂ ಕೈಯಿಟ್ಟು, ಒಂಬತ್ತು ಅಂದಳು. ಕಾಗದದ ಮೇಲೆ ಗೆರೆ ಎಳೆದು ಪಂಢರಿನಾಥನ ಹೆಸರು ಹೊಡೆದು ಹಾಕಿದಳು.

ನಾಳೆ ಅಂಗಡಿಯ ಮಾಲು ಕಟ್ಟುತ್ತೇನೆ. ಆಮೇಲೆ ಎಲ್ಲಿರುತ್ತೇನೋ ಗೊತ್ತಿಲ್ಲ. ವಾಡೆಯ ನಮ್ಮ ಕೋಣೆಗೆ ಬೇರೆಯವರು ಬಂದಿದ್ದಾರೆ.

ಅಪ್ಪ


ಖಾನಾಪುರ
೨ ಡಿಸೆಂಬರ್ ೧೯೨೬

ಅಪ್ಪಾ,

ಬರೆಯದಿದ್ದದ್ದು ಸಿಟ್ಟಿನಿಂದ. ಆ ಸಿಟ್ಟು ಈಗಲೂ ಇದೆ. ಆದರೆ ನೀನು ತಿಳಿದ ಕಾರಣಕ್ಕಲ್ಲ. ಮೇ ತಿಂಗಳಲ್ಲಿ ಕರೆದುಕೊಂಡು ಬಂದಿದ್ದರೆ ಅವ್ವ ನನ್ನ ಮಾತಿಗೆ ಹೂಂ ಅನ್ನುತ್ತಿದ್ದಳು. ಅದನ್ನು ನಾನು ಮರೆಯುವವಳಲ್ಲ. ನಿನ್ನ ಅಳಿಯಂದಿರನ್ನು ನಾನು ತಡೆದದ್ದನ್ನೂ ಮರೆಯುವುದಿಲ್ಲ.

ಆ ಕುರ್ಚಿಯಲ್ಲಿ ಈಗ ಅತ್ತೆಯವರು ಕೂರುತ್ತಾರೆ. ಬೇಡ ಅಂದಿದ್ದೆ. "ಸತ್ತಾಕಿನ್ನ ಅಷ್ಟ ದೂರ ಹಿಡಕೊಂಡ ಬಂದೈತಿ, ನನ್ನ ಬೀಳಸ್ತೈತೇನ?" ಅಂತ ಸೊಟ್ಟ ಬಾಯಲ್ಲೇ ಅಂದರು. ಅವರಿಗೆ ಯಾರು ಹೇಳಿದರೋ. ಅವರನ್ನು ಕೂರಿಸುವಾಗ ಬೆತ್ತದಲ್ಲಿ ಇನ್ನೂ ಆ ಅತ್ತರಿನ ವಾಸನೆ ಬರುತ್ತದೆ.

ಇಲ್ಲಿಗೆ ಬಾ. ಹಿಂದಿನ ಕೋಣೆ ಸಾರಿಸಿದ್ದೇನೆ. ಕರಾರು ಇಲ್ಲ, ಜಾಮೀನೂ ಇಲ್ಲ. ಅವ್ವನ ಮಣ್ಣು ಅಲ್ಲಿಂದ ಕೂಗಳತೆ. ಅವಳ ಹತ್ತಿರ ಎಷ್ಟು ಬೇಕಾದರೂ ಮಾತಾಡು. ನನ್ನ ಹತ್ತಿರ ಸ್ವಲ್ಪ ದಿನ ಬೇಡ.

ಇನ್ನೊಂದು. ನಿನ್ನನ್ನು ಕಾಡುತ್ತದೆ ಅಂತ ನೀನು ಬರೆದ ವಿಷಯ.

ಆ ಹೊತ್ತಿಗಾಗಲೇ ಏಳು ತಿಂಗಳಿನಿಂದ ದಿನಾ ನಾಲ್ಕು ಸಲ ಒಂದು ಮೈ ಎತ್ತಿ ಕೂರಿಸುತ್ತಿದ್ದವಳು ನಾನು. ಸ್ಟೇಷನ್ನಿನಲ್ಲಿ ಅವ್ವನ ಪಾದ ಹಿಡಿದ ಕೂಡಲೇ ನನಗೆ ತಿಳಿಯಿತು. ತಲೆ ಎತ್ತಿ ನಿನ್ನ ಮುಖ ನೋಡಿದೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ನಿನ್ನ ಬಾಯಿ ಹಾಗೆ ಮುಚ್ಚಿದ್ದು ಕಂಡಿರಲಿಲ್ಲ. ಹವಾಲ್ದಾರ ನಾಲ್ಕು ಹೆಜ್ಜೆ ಮುಂದೆ ಬಂದಿದ್ದ. ನಮ್ಮಲ್ಲಿ ಯಾರಾದರೂ ಒಬ್ಬರು ಮಾತಾಡಬೇಕಿತ್ತು.

ಬಸವಣ್ಣೆವ್ವ